ಬೆಕ್ಕಿಗೂ ಬೀಪಿ ಇರತೈತೇನೋ ತಮ್ಮಾ?

ನಮ್ಮ ಬೈಲಹೊಂಗಲ ಕಡೆ ಬೆಕ್ಕನ್ನು ಯಾರೂ ಸಾಕುವುದಿಲ್ಲ. ಅದು ಮನೆಯಲ್ಲಿ ಇರುತ್ತದೆ, ಅಷ್ಟೇ. ಜೋಳದ ಚೀಲ ಇದ್ದ ಮನೆಗೆ ಇಲಿ ಬರುತ್ತದೆ, ಇಲಿ ಇದ್ದ ಮನೆಗೆ ಬೆಕ್ಕು ಬರುತ್ತದೆ. ಒಂದಿಷ್ಟು ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದರೆ ನಮ್ಮ ಕರ್ತವ್ಯ ಮುಗಿಯಿತು. ಎತ್ತಿಗೆ, ಎಮ್ಮೆಗೆ ಹುಷಾರಿಲ್ಲ ಅಂದರೆ ಡಾಕ್ಟರನ್ನು ಕರೆಸುತ್ತೇವೆ. ಬೆಕ್ಕಿಗೆ ಡಾಕ್ಟರು ಅಂದರೆ ಓಣಿಯೆಲ್ಲ ನಗುತ್ತದೆ. ಹೀಗಾಗಿ ವಯಸ್ಸಾದ ಬೆಕ್ಕು ಒಮ್ಮೆಲೇ ವಿಚಿತ್ರವಾಗಿ ಆಡತೊಡಗಿದರೆ ನಮ್ಮಲ್ಲಿ ಅದಕ್ಕೆ ಮೂರೇ ಕಾರಣ. ಒಂದು ಸೊಕ್ಕು, ಎರಡು ಅಪಶಕುನ, ಮೂರು ಅರಳುಮರಳು.

ನಮ್ಮ ಚಿನ್ನಿಗೆ ಒಂದೇ ವಾರದಲ್ಲಿ ಈ ಮೂರೂ ಬಿರುದು ಸಿಕ್ಕವು :)

ಚಿನ್ನಿಗೆ 15 ವರ್ಷ. ಬೆಕ್ಕಿನ ಮೊದಲ ಎರಡು ವರ್ಷ ಮನುಷ್ಯರ 24 ವರ್ಷಕ್ಕೆ ಸಮ, ಆಮೇಲಿನ ಒಂದೊಂದು ವರ್ಷ ನಾಲ್ಕಕ್ಕೆ ಸಮ ಅಂತ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಅವಳಿಗೆ 76. ನಮ್ಮ ಅವ್ವನಿಗಿಂತ ಎರಡು ವರ್ಷ ಹಿರಿಯಳು.

ಶುರುವಾದದ್ದು ರಾತ್ರಿ ಕೂಗಿನಿಂದ. ಎರಡು ಗಂಟೆಗೆ ಪಡಸಾಲೆಯ ನಡುವೆ ನಿಂತು ಕೂಗುವಳು. ಹಸಿವಿನ ಕೂಗಲ್ಲ, ಸಂತೆಯಲ್ಲಿ ಕೈತಪ್ಪಿದ ಮಗು ಅತ್ತ ಹಾಗೆ. ಮರುದಿನ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತಿದ್ದಳು. ಎಷ್ಟೋ ವರ್ಷದಿಂದ ಹಾರುತ್ತಿದ್ದ ಕಟ್ಟೆಯನ್ನು ಹಾರಲು ಹೋಗಿ ಕೆಳಗೆ ಬಿದ್ದಳು. ಕೊನೆಗೆ ಅವ್ವನ ಕೌದಿಯ ಮೇಲೆಯೇ ಉಚ್ಚೆ ಹೊಯ್ದಳು. ಹುಟ್ಟಿದಾಗಿನಿಂದ ಹಿತ್ತಲಿಗೇ ಹೋಗುತ್ತಿದ್ದ ಬೆಕ್ಕು ಅದು!

ಪಕ್ಕದ ಮನೆಯ ಆಯಿ ತೀರ್ಪು ಕೊಟ್ಟೇಬಿಟ್ಟಳು. "ಮುದಿ ಬೆಕ್ಕ ರಾತ್ರಿ ಅತ್ರ ಮನಿಗಿ ಛಲೋ ಅಲ್ಲವಾ. ಚೀಲದಾಗ ಹಾಕಿ ಸವದತ್ತಿ ಕಡೆ ಹೊಳಿ ಆಚೆ ಬಿಟ್ಟ ಬರ್ರಿ."

ಅವ್ವ ಮಾತಾಡಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಅವಳದೂ ತಪ್ಪಿಲ್ಲ ಬಿಡಿ, ನಾಲ್ಕು ರಾತ್ರಿ ನಿದ್ದೆ ಇರಲಿಲ್ಲ, ಮೇಲೆ ಅವಳಿಗೆ ಬೀಪಿ ಬೇರೆ. ಆದರೆ 15 ವರ್ಷದ ಬೆಕ್ಕನ್ನು ಮಲಪ್ರಭೆಯ ಆಚೆ ಬಿಟ್ಟು ಬರುವುದು ಅಂದರೆ ಏನು ಅಂತ ನಮಗೆಲ್ಲ ಗೊತ್ತಿತ್ತು. ಅದನ್ನು ಕೊಂದಂತೆಯೇ, ಕಣ್ಣಿಗೆ ಕಾಣದ ಹಾಗೆ. ಅಂದಹಾಗೆ, ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಐದನೇ ದಿನ ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಚಿನ್ನಿ ಕೂತಿದ್ದಳು. ಸುಡು ಬಿಸಿಲಿಗೆ ಬೆಕ್ಕಿನ ಕಣ್ಣಪಾಪೆ ಸೂಜಿಯಂತೆ ಸಣ್ಣ ಗೆರೆಯಾಗಬೇಕು. ಇವಳದು ನೇರಳೆ ಹಣ್ಣಿನಂತೆ ಅಗಲವಾಗಿ, ಕಪ್ಪಗೆ ತೆರೆದೇ ಇತ್ತು. ಬ್ಯಾಟರಿ ಬಿಟ್ಟು ನೋಡಿದೆ. ಅಲುಗಲಿಲ್ಲ.

ಊರಿನ ಪಶು ಡಾಕ್ಟರಿಗೆ ತೋರಿಸಿದೆ. "ಇದಕ್ಕ ಕಣ್ಣ ಕಾಣವಲ್ದು. ಬೆಳಗಾವಿಗಿ ಒಯ್ದು ರಕ್ತಾ, ಬೀಪಿ ನೋಡಸ್ರಿ" ಅಂದರು. ಬೆಳಗಾವಿಯ ಡಾಕ್ಟರು ಚಿನ್ನಿಯ ಮುಂಗಾಲಿಗೆ ಎರಡು ಬೆರಳಗಲದ ಪಟ್ಟಿ ಸುತ್ತಿ ಬೀಪಿ ನೋಡಿದರು. ಮೇಲಿನ ಅಂಕಿ 210. ಬೆಕ್ಕಿಗೆ 160 ದಾಟಿದರೇ ಔಷಧದ ಯೋಚನೆ ಮಾಡಬೇಕು, 180 ದಾಟಿದರೆ ಕಣ್ಣು, ಮಿದುಳಿಗೆ ಅಪಾಯ. ರಕ್ತದಲ್ಲಿ ಕಿಡ್ನಿ ಸೋತದ್ದು ಕಂಡಿತು. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯವಂತೆ. ಕಿಡ್ನಿ ಕೆಟ್ಟರೆ ಬೀಪಿ ಏರುತ್ತದೆ, ಬೀಪಿ ಏರಿದರೆ ಕಣ್ಣಿನ ಹಿಂದಿನ ಪರದೆ ಕಳಚಿಕೊಂಡು ಒಂದೇ ರಾತ್ರಿಯಲ್ಲಿ ಕುರುಡು ಬರಬಹುದು.

ಈಗ ಎಲ್ಲ ತಾಳೆಯಾಯಿತು ನೋಡಿ. ಕಣ್ಣು ಕಾಣದ್ದಕ್ಕೆ ಕಟ್ಟೆ ತಪ್ಪಿತ್ತು. ಹಿತ್ತಲಿನ ದಾರಿ ಸಿಗದ್ದಕ್ಕೆ, ಕಿಡ್ನಿ ಸೋತು ಉಚ್ಚೆ ಜಾಸ್ತಿಯಾದದ್ದಕ್ಕೆ ಕೌದಿ ಹಸಿಯಾಗಿತ್ತು. ರಾತ್ರಿ ಕೂಗಿದ್ದು ಅಪಶಕುನಕ್ಕಲ್ಲ, ತಾನು ಎಲ್ಲಿದ್ದೇನೆ ಅಂತ ತಿಳಿಯದೆ.

ಡಾಕ್ಟರು ಬರೆದುಕೊಟ್ಟ ಗುಳಿಗೆ ಆಮ್ಲೋಡಿಪಿನ್. ಮನೆಗೆ ಬಂದು ಚೀಟಿ ಓದಿ ಹೇಳಿದೆ. ಅವ್ವ ತನ್ನ ಗುಳಿಗೆ ಡಬ್ಬಿ ತೆಗೆದು ಹೆಸರು ಕೂಡಿಸಿ ಓದಿದಳು.

"ಅಯ್ಯ, ಇದು ನಂದ ಗುಳಿಗಿ ಅಲ್ಲೇನೋ? ಬೆಕ್ಕಿಗೂ ಬೀಪಿ ಇರತೈತೇನೋ ತಮ್ಮಾ?"

"ಇರತೈತಬೇ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ... ನನಗೂ ಏರಿದಾಗ ತಲಿ ಗಿಮ್ ಅಂತೈತಿ. ನಾನರ ಬಾಯಿ ಬಿಟ್ಟ ಹೇಳತೇನಿ" ಅಂದಳು. ಹೊಳೆಯ ಮಾತು ಅವತ್ತಿಗೆ ಮುಗಿಯಿತು.

(ಔಷಧ ಒಂದೇ ಆದರೂ ಅಳತೆ ಒಂದೇ ಅಲ್ಲ. ಅವ್ವನ ಗುಳಿಗೆ 5 ಮಿಲಿಗ್ರಾಂ, ಚಿನ್ನಿಗೆ ಅದರ ಸಣ್ಣ ಚೂರು. ಡಾಕ್ಟರನ್ನು ಕೇಳದೆ ನಮ್ಮ ಗುಳಿಗೆ ಯಾವುದನ್ನೂ ಬೆಕ್ಕಿಗೆ ಕೊಡಬೇಡಿ. ಅದರಲ್ಲೂ ಪ್ಯಾರಾಸಿಟಮಾಲ್! ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು, ಒಂದೇ ಗುಳಿಗೆಗೆ ಪ್ರಾಣ ಹೋಗಬಹುದು.)

ಆಮೇಲೆ ನೆಂಟರಲ್ಲಿ, ಗೆಳೆಯರಲ್ಲಿ ಬೆಕ್ಕಿನ ವಿಷಯ ಎತ್ತಿದರೆ ಸಾಕು, ಕಥೆಗಳು ಸಾಲಾಗಿ ಬಂದವು. ಸವದತ್ತಿಯ ಅತ್ತಿ ಮನೆ ಬೆಕ್ಕು ಭಾರತ ಹುಣ್ಣಿಮೆಯ ಹೊತ್ತಿಗೆ ಎತ್ತಿಕೊಳ್ಳಲು ಹೋದವರನ್ನೆಲ್ಲ ಕಚ್ಚುತ್ತಿತ್ತು. ಯಲ್ಲಮ್ಮನ ಜಾತ್ರೆಗೆ ಬಂದ ಮಂದಿ ಕಂಡು ಸಿಟ್ಟು ಅಂತ ಎಲ್ಲರೂ ಅಂದುಕೊಂಡರು. ಮಂದಿ ಹೋದರೂ ಕಚ್ಚುವುದು ನಿಲ್ಲಲಿಲ್ಲ. ನೋಡಿದರೆ ಸೊಂಟದ ಕೀಲು ನೋವು. 2002ರಲ್ಲಿ ಅಮೆರಿಕದ ಪಶುವೈದ್ಯರು 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90ರಲ್ಲಿ ಕೀಲು ಸವೆದಿತ್ತು. ಬೆಕ್ಕು ಕುಂಟಿ ತೋರಿಸುವುದು ಕಡಿಮೆ. ಹಾರುವುದನ್ನು ಬಿಡುತ್ತದೆ, ಮುಟ್ಟಿದರೆ ಕಚ್ಚುತ್ತದೆ.

ಕಿತ್ತೂರಿನ ಗೆಳೆಯನ ಬೆಕ್ಕು ಎಷ್ಟು ತಿಂದರೂ ಸೊರಗುತ್ತಿತ್ತು, ರಾತ್ರಿಯೆಲ್ಲ ಓಡಾಟ. ಅದಕ್ಕಿದ್ದದ್ದು ಥೈರಾಯ್ಡ್. ಬೆಕ್ಕಿಗೆ ಈ ಕಾಯಿಲೆ ಬರುತ್ತದೆ ಅಂತ ವೈದ್ಯರು ಮೊದಲು ವಿವರಿಸಿದ್ದೇ 1979ರಲ್ಲಿ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ, ಗುಳಿಗೆಯಿಂದ ಹತೋಟಿಗೆ ಬರುತ್ತದೆ.

ಎಲ್ಲಾ ಮೈಯದೇ ತೊಂದರೆ ಅಂತಲೂ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತಲ್ಲ, ಆಗ ಅಲ್ಲಿಯ ನಮ್ಮ ನೆಂಟರು ಬೆಕ್ಕನ್ನೂ ಬುಟ್ಟಿಯಲ್ಲಿಟ್ಟುಕೊಂಡು ಮನೆ ಬಿಟ್ಟಿದ್ದರು. ವಾಪಸು ಬಂದು ಸುಣ್ಣ ಹಚ್ಚಿ, ಹೊಸ ಬಾಗಿಲು ಕೂಡಿಸಿದ ಮೇಲೆ ಅವರ ಮುದಿ ಗಂಡು ಬೆಕ್ಕು ಗೋಡೆಗೋಡೆಗೆ ಉಚ್ಚೆ ಸಿಡಿಸತೊಡಗಿತು. ಡಾಕ್ಟರು ನೋಡಿದರೆ ರೋಗವಿಲ್ಲ. ಬೆಕ್ಕಿಗೆ ಮನೆ ಅಂದರೆ ವಾಸನೆ. ಆ ಮನೆಯಲ್ಲಿ ಅದರ ವಾಸನೆಯೇ ಉಳಿದಿರಲಿಲ್ಲ. ಅದು ಮಲಗುತ್ತಿದ್ದ ಹಳೆಯ ಗೋಣಿಚೀಲವನ್ನು ತೊಳೆಯದೆ ಮೂಲೆಗೆ ಹಾಸಿ, ಊಟದ ಹೊತ್ತು ತಪ್ಪಿಸದೆ ನೋಡಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಸರಿಹೋಯಿತು.

ಅರಳುಮರಳು ಅನ್ನುವುದೂ ಸುಳ್ಳಲ್ಲ. ಬೆಕ್ಕಿಗೂ ಮುಪ್ಪಿನಲ್ಲಿ ಮಿದುಳು ಮಂಕಾಗುತ್ತದೆ. ಆದರೆ ಆ ಮಾತನ್ನು ಕೊನೆಗೆ ಆಡಬೇಕು. ಕಣ್ಣು, ಹಲ್ಲು, ಕೀಲು, ಕಿಡ್ನಿ, ಥೈರಾಯ್ಡ್, ಬೀಪಿ ಎಲ್ಲ ನೋಡಿ ಏನೂ ಸಿಗದಿದ್ದಾಗ. ನಾವು ಅದನ್ನು ಮೊದಲೇ ಅಂದುಬಿಡುತ್ತೇವೆ, ಮನುಷ್ಯರ ವಿಷಯದಲ್ಲೂ...

ಇನ್ನು ತಿದ್ದುವುದು ಹೇಗೆ? ಬೆಕ್ಕನ್ನು ತಿದ್ದುವುದಕ್ಕಿಂತ ಮನೆಯನ್ನು ತಿದ್ದುವುದು ಸುಲಭ. ನಾವು ಮಾಡಿದ್ದು ಇಷ್ಟು:

- ಪಡಸಾಲೆಯಲ್ಲೇ ಒಂದು ತಗ್ಗು ಅಂಚಿನ ತಟ್ಟೆಯಲ್ಲಿ ಮರಳು ಹಾಕಿಟ್ಟೆವು. ಎತ್ತರದ ಅಂಚನ್ನು ಮುದಿ ಕಾಲು ದಾಟುವುದಿಲ್ಲ.
- ನೀರು ಎರಡು ಕಡೆ ಇಟ್ಟೆವು. ಕಿಡ್ನಿ ಸೋತ ಬೆಕ್ಕಿಗೆ ನೀರು ತಪ್ಪಬಾರದು.
- ಪೆಟ್ಟಿಗೆ, ಚೀಲ, ಮಂಚ ಯಾವುದನ್ನೂ ಜಾಗ ಬದಲಿಸುವುದಿಲ್ಲ. ಕಾಣದ ಬೆಕ್ಕು ಮೀಸೆಯಿಂದ, ನೆನಪಿನಿಂದ ನಡೆಯುತ್ತದೆ.
- ಉಚ್ಚೆ ಹೊಯ್ದ ಜಾಗಕ್ಕೆ ಫಿನಾಯಿಲ್ ಹಾಕುವುದಿಲ್ಲ. ಅದು ಬೆಕ್ಕಿಗೆ ವಿಷ. ಸೋಪಿನ ಪುಡಿ, ಬಿಸಿನೀರು, ಆಮೇಲೆ ಬಿಸಿಲು.
- ಹೊಡೆಯುವುದಿಲ್ಲ, ಗದರುವುದಿಲ್ಲ. ಯಾಕೆ ಹೊಡೆದರು ಅಂತ ಅದಕ್ಕೆ ತಿಳಿಯುವುದಿಲ್ಲ, ಹೆದರಿಕೆ ಮಾತ್ರ ಉಳಿಯುತ್ತದೆ.

ಇನ್ನೊಂದು ಮಾತು ಗಂಡು ಬೆಕ್ಕು ಇದ್ದವರಿಗೆ. ಅದು ಮತ್ತೆ ಮತ್ತೆ ಉಚ್ಚೆಗೆ ಕೂತು, ತಿಣುಕಿ, ಒಂದು ಹನಿಯೂ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ. ದಾರಿ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ.

ಚಿನ್ನಿಗೆ ಕಣ್ಣು ಮರಳಿ ಬರಲಿಲ್ಲ. ಬೀಪಿ ಇಳಿಯಿತು, ಗೋಡೆಗೆ ಮುಖ ಮಾಡಿ ನಿಲ್ಲುವುದು ನಿಂತಿತು, ಕೌದಿ ಒಣಗಿದೆ. ಬೆಳಿಗ್ಗೆ ಅವ್ವ ತನ್ನ ಗುಳಿಗೆ ನುಂಗಿ, ಚಿನ್ನಿಯ ಚೂರನ್ನು ಬೆಣ್ಣೆಯಲ್ಲಿ ಸುತ್ತಿ ನೆಕ್ಕಿಸುತ್ತಾಳೆ. ತನ್ನದನ್ನು ಮರೆತರೂ ಅವಳದನ್ನು ಮರೆಯುವುದಿಲ್ಲ. ಒಮ್ಮೊಮ್ಮೆ ರಾತ್ರಿ ಚಿನ್ನಿ ಈಗಲೂ ಕೂಗುತ್ತಾಳೆ. ಅವ್ವ ಮಲಗಿದಲ್ಲಿಂದಲೇ "ಇಲ್ಲೇ ಅದೇನೆವಾ, ಬಾ" ಅನ್ನುತ್ತಾಳೆ. ದನಿ ಹಿಡಿದು ನಡೆದು ಬಂದು ಕೌದಿಯ ತುದಿಗೆ ಮಲಗುತ್ತಾಳೆ.

ನಿಮ್ಮ ಮನೆಯಲ್ಲೂ ಹತ್ತು ದಾಟಿದ ಬೆಕ್ಕಿದ್ದರೆ ಇವತ್ತೇ ಬೆಳಕಿನಲ್ಲಿ ಅದರ ಕಣ್ಣು ನೋಡಿ. ಬೆನ್ನ ಮೇಲೆ ಕೈಯಾಡಿಸಿ, ಎಲುಬು ಸಿಗುತ್ತದೆಯೇ ಅಂತ. ನೀರಿನ ಬಟ್ಟಲು ಎಷ್ಟು ಬೇಗ ಖಾಲಿಯಾಗುತ್ತದೆ ಗಮನಿಸಿ. ಬೆಕ್ಕು ತನ್ನ ನೋವನ್ನು ಹೇಳುವುದು ಹೀಗೆಯೇ.