ದೂರದವರನ್ನು ಕರೆಯುವ ಮುನ್ನ

ನಮ್ಮ ಜಿಲ್ಲೆಯ ಇತಿಹಾಸ ಮತ್ತು ಭಾಷೆಗಳಲ್ಲಿ ಆಸಕ್ತಿಯುಳ್ಳ ಕೆಲವು ಅಧ್ಯಾಪಕರು, ನಿವೃತ್ತರು, ಸಂಶೋಧನ ವಿದ್ಯಾರ್ಥಿಗಳು ಸೇರಿ ನಡೆಸುವ ಸಣ್ಣದೊಂದು ಅಧ್ಯಯನ ಕೂಟಕ್ಕೆ ನಾನೂ ಸದಸ್ಯ. ಈ ಕೂಟವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಬೇಕೆಂಬ ಸಲಹೆ ಈಚೆಗೆ ಬಂದಿದೆ. ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಅದನ್ನು ಉತ್ಸಾಹದಿಂದ ಬೆಂಬಲಿಸಿ, ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿರಲಿ, ಸಭೆಗಳು ಅಂತರ್ಜಾಲದಲ್ಲೇ ನಡೆಯಲಿ ಎಂದಿದ್ದಾರೆ. "ಸರ್, ನೀವೇನಂತೀರಿ?" ಎಂದೂ ಕೇಳಿದ್ದಾರೆ. ಅವರಿಗೆ ನೀಡಬೇಕಾದ ಉತ್ತರವನ್ನು ನಿಮ್ಮೆಲ್ಲರ ಮುಂದೆಯೇ ಇಡುತ್ತಿದ್ದೇನೆ.

ಬೀದರಿನವರಿಗೆ ಈ ವಿಚಾರ ಹೊಸದಲ್ಲ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ನಮ್ಮ ಕಣ್ಣೆದುರಿಗೇ ಇದೆ. ಮೂರು ಅಂತಸ್ತಿನ ಆ ವಿದ್ಯಾಲಯದಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಸತಿಯಿತ್ತು. ಸುಮಾರು 3000 ಹಸ್ತಪ್ರತಿಗಳ ಗ್ರಂಥಾಲಯವಿತ್ತೆಂದು ಇತಿಹಾಸಕಾರರು ಬರೆಯುತ್ತಾರೆ. ಹೆರಾತಿನ ಮಹಾಕವಿ ಜಾಮಿಯನ್ನು ಗವಾನನು ಬೀದರಿಗೆ ಆಹ್ವಾನಿಸಿದನು. ಜಾಮಿ ಬರಲಿಲ್ಲ, ಆದರೆ ಇಬ್ಬರ ನಡುವೆ ಪತ್ರವ್ಯವಹಾರ ಬೆಳೆಯಿತು. ಗವಾನನ ಪತ್ರಸಂಗ್ರಹವಾದ 'ರಿಯಾಜುಲ್ ಇನ್‌ಶಾ' ಇಂದಿಗೂ ಉಳಿದಿದೆ. ವಿದ್ವಾಂಸರ ಸಂಬಂಧವು ಪ್ರಯಾಣವನ್ನೇ ನೆಚ್ಚಿಕೊಂಡಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಕಥೆಯ ಇನ್ನರ್ಧವನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಆಗ ಆಸ್ಥಾನದಲ್ಲಿ ಹೊರಗಿನಿಂದ ಬಂದ ಅಫಾಕಿಗಳು, ಇಲ್ಲಿಯೇ ನೆಲೆನಿಂತ ದಖ್ಖನಿಗಳು ಎಂಬ ಎರಡು ಪಂಗಡಗಳಿದ್ದವು. ಇಬ್ಬರಿಗೂ ಅಧಿಕಾರವನ್ನು ಸಮನಾಗಿ ಹಂಚಲು ಗವಾನನು ಶ್ರಮಿಸಿದನಾದರೂ ವೈಮನಸ್ಯ ಅಳಿಯಲಿಲ್ಲ. ವಿರೋಧಿಗಳು ಸೃಷ್ಟಿಸಿದ ಖೋಟಾ ಪತ್ರವನ್ನು ನಂಬಿ ಸುಲ್ತಾನ ಮೂರನೆಯ ಮಹಮ್ಮದ್ ಶಾಹನು 1481ರಲ್ಲಿ ಆ ವೃದ್ಧನಿಗೆ ಮರಣದಂಡನೆ ವಿಧಿಸಿದನು. ಬಂದವರಿಗೂ ಇದ್ದವರಿಗೂ ನಡುವೆ ವಿಶ್ವಾಸ ಬೆಳೆಯದಿದ್ದರೆ ಎಂಥ ದೊಡ್ಡ ಸಂಸ್ಥೆಯೂ ಒಳಗಿನಿಂದಲೇ ಟೊಳ್ಳಾಗುತ್ತದೆ. ಮದರಸಾದ ಗೋಡೆಗಳು ಮದ್ದಿನ ಸ್ಫೋಟಕ್ಕೆ ಬಿದ್ದದ್ದು 1696ರಲ್ಲಿ. ಅದನ್ನು ಕಟ್ಟಿಸಿದವನು ಅದಕ್ಕಿಂತ ಎರಡು ಶತಮಾನಗಳ ಹಿಂದೆಯೇ ಬಿದ್ದಿದ್ದನು.

ಇನ್ನು ಭಾಲ್ಕಿಯ ಮಾತು. ನಿಜಾಮರ ಆಳ್ವಿಕೆಯಲ್ಲಿ ಶಾಲೆಗಳ ಭಾಷೆ ಉರ್ದುವಾಗಿದ್ದಾಗ, ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ನಮ್ಮ ಭಾಗದಲ್ಲಿ ಮನೆಮಾತು. ಫಲಕ ಯಾವುದೇ ಇರಲಿ, ಒಳಗೆ ಮಗುವಿಗೆ ಅರ್ಥವಾಗುವ ಪಾಠ ನಡೆಯುತ್ತಿತ್ತು. ನಾವೀಗ ಅಂತರರಾಷ್ಟ್ರೀಯ ಎಂಬ ಫಲಕ ತೂಗುಹಾಕಿ ಒಳಗಿನ ಪಾಠವನ್ನೇ ನಿಲ್ಲಿಸಿಬಿಟ್ಟರೆ ಆ ಹಿರಿಯರಿಗೆ ಏನೆಂದು ಉತ್ತರ ಹೇಳುವುದು?

ಔರಾದಿನ ಕಡೆಯ ಒಬ್ಬ ವಿದ್ಯಾರ್ಥಿನಿ ನಮ್ಮ ಕೂಟಕ್ಕೆ ಬರುತ್ತಾಳೆ. ಮನೆಯಲ್ಲಿ ಮರಾಠಿ, ಓದಿದ್ದು ಕನ್ನಡ, ಸಂತೆಯಲ್ಲಿ ದಖ್ಖನಿ ಉರ್ದು, ಗಡಿಯಾಚೆಯ ನೆಂಟರೊಡನೆ ತೆಲುಗು. ನಾಲ್ಕು ಭಾಷೆಗಳ ಮೌಖಿಕ ಸಾಹಿತ್ಯವನ್ನು ತೂಗಿ ನೋಡಬಲ್ಲ ಆಕೆ ಇಂಗ್ಲಿಷಿನಲ್ಲಿ ಪ್ರಬಂಧ ಮಂಡಿಸೆಂದರೆ ಮೌನವಾಗುತ್ತಾಳೆ. ಹೊಸ ನಿಯಮ ಬಂದರೆ ಕೂಟ ಮೊದಲು ಕಳೆದುಕೊಳ್ಳುವುದು ಆಕೆಯನ್ನು. ಹಾಗೆ ನೋಡಿದರೆ ಹೊರದೇಶದ ವಿದ್ವಾಂಸರು ಇಲ್ಲಿಗೆ ಹುಡುಕಿಕೊಂಡು ಬರುವುದು ಆಕೆಯಂಥವರ ತಿಳಿವಳಿಕೆಗಾಗಿಯೇ ಅಲ್ಲವೆ?

ಮತ್ತೊಂದು ಸಂಗತಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ, ಅಹಮದಪುರ, ನಾರಾಯಣಖೇಡ, ಜಹೀರಾಬಾದುಗಳು ಬೀದರ ಜಿಲ್ಲೆಯವೇ ಆಗಿದ್ದವು. ಇಂದು ಮೊದಲಿನ ಮೂರು ಮಹಾರಾಷ್ಟ್ರದಲ್ಲಿ, ಉಳಿದೆರಡು ತೆಲಂಗಾಣದಲ್ಲಿವೆ. ನಮ್ಮ ಸಭೆಗೆ ಉದಗೀರದಿಂದ ಒಬ್ಬ ಅಧ್ಯಾಪಕರೂ ಬಂದುದನ್ನು ನಾನು ಕಂಡಿಲ್ಲ. ಭಾಲ್ಕಿಯಿಂದ ಒಂದು ಬಸ್ಸಿನ ದಾರಿಯಲ್ಲಿರುವವರನ್ನು ಕರೆಯದೆ ಟೆಹರಾನಿನವರನ್ನು ಕರೆಯಹೊರಟರೆ ಅದು ವಿಸ್ತಾರವೆನಿಸದು.

ಹಾಗೆಂದು ಬಾಗಿಲು ಮುಚ್ಚಿಕೊಳ್ಳಬೇಕೆಂಬುದು ನನ್ನ ವಾದವಲ್ಲ. ನೌಬಾದಿನ ಸುರಂಗ ಬಾವಿಯನ್ನೇ ನೋಡಿ. ನೆಲದಡಿಯಲ್ಲಿ ನೀರು ಹರಿಸುವ ಆ ಕರೇಜ್ ವಿದ್ಯೆ ಇರಾನಿನಿಂದ ಬಂದದ್ದು. ಇರಾನಿನ ತಜ್ಞರ ನೆರವಿಲ್ಲದೆ ಅದರ ಅಧ್ಯಯನ ಪೂರ್ಣವಾಗದು. ವಿಶ್ವ ಸ್ಮಾರಕ ನಿಧಿಯು 2014ರ ತನ್ನ ಪಟ್ಟಿಯಲ್ಲಿ ಬೀದರ ನಗರವನ್ನು ಸೇರಿಸಿತು. ಜಗತ್ತು ನಮ್ಮತ್ತ ನೋಡುತ್ತಿರುವಾಗ ನಾವು ಮುಖ ತಿರುಗಿಸುವುದು ಸಲ್ಲದು.

ಆದುದರಿಂದ ಕೂಟದ ಮುಂದೆ ನನ್ನ ಸಲಹೆಗಳು ಇವು. ಪ್ರಬಂಧವನ್ನು ಕನ್ನಡ, ಉರ್ದು, ಮರಾಠಿ, ತೆಲುಗು, ಇಂಗ್ಲಿಷ್ ಯಾವುದರಲ್ಲಾದರೂ ಓದಲಿ. ಒಂದು ಪುಟದ ಸಾರಾಂಶ ಮಾತ್ರ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ. ಮೊದಲ ವರ್ಷ ಗಡಿಯಾಚೆಯ ಮಿತ್ರರು ಬರಲಿ, ಎರಡನೆಯ ವರ್ಷ ಹೊರದೇಶದವರು ಅಂತರ್ಜಾಲದ ಮೂಲಕ ಸೇರಲಿ. ಸಭೆ ಒಮ್ಮೆ ಬೀದರಿನಲ್ಲಿ, ಒಮ್ಮೆ ಭಾಲ್ಕಿಯಲ್ಲಿ, ಒಮ್ಮೆ ಔರಾದಿನಲ್ಲಿ ನಡೆಯಲಿ. ಪದಾಧಿಕಾರಿಗಳಲ್ಲಿ ಅರ್ಧದಷ್ಟಾದರೂ ಜಿಲ್ಲೆಯಲ್ಲೇ ವಾಸಿಸುವವರಾಗಿರಲಿ.

ಹೊರದೇಶದಲ್ಲಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ದೇಣಿಗೆ ಕಳಿಸುವ ನಿಮ್ಮ ಔದಾರ್ಯ ದೊಡ್ಡದು. ಅದಕ್ಕಿಂತ ಮೊದಲು, ನಮ್ಮ ಸೀಮೆಯನ್ನು ಕುರಿತು ಇಂಗ್ಲಿಷಿನಲ್ಲಿ ಬಂದಿರುವ ಒಂದು ಒಳ್ಳೆಯ ಲೇಖನವನ್ನು ಕನ್ನಡಕ್ಕೆ ತಂದುಕೊಡಿ. ಔರಾದಿನ ಆ ಹುಡುಗಿಯ ಪ್ರಬಂಧವನ್ನು ಇಂಗ್ಲಿಷಿಗೆ ಒಯ್ಯಿರಿ. ಎರಡೂ ಕಡೆಗೆ ನಡೆದಾಡುವವರಿದ್ದರೆ ದಾರಿ ತಾನಾಗಿ ಸವೆಯುತ್ತದೆ. ನಿಮ್ಮ ಅಭಿಪ್ರಾಯಗಳನ್ನು ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ಗುರುವಿನ ಮಾತಿಗೆ ಎದುರುತ್ತರ ಕೊಟ್ಟವರನ್ನು ನಾನು ಎಂದೂ ಬೆಂಚಿನ ಮೇಲೆ ನಿಲ್ಲಿಸಿದವನಲ್ಲ.