ತಮ್ಮನಿಗೆ ಯಾವ ಭಾಷೆಯಲ್ಲಿ ಬರೆಯುವುದು?

ಚೆನ್ನೈಗೆ ಬಂದು ಹನ್ನೊಂದು ವರ್ಷವಾದರೂ ನನ್ನ ತಮಿಳು ಓದು ಬಸ್ಸಿನ ಬೋರ್ಡು ದಾಟಿ ಮುಂದೆ ಹೋಗಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಮಗಳ ಶಾಲೆಯಲ್ಲಿ ಭಾರತಿಯಾರ್ ಜಯಂತಿಗೆ ಭಾಷಣ ಮಾಡಬೇಕಿತ್ತು. ಹಾಗಾಗಿ ಒಂದು ಭಾನುವಾರ ಅವಳನ್ನು ತಿರುವಲ್ಲಿಕೇಣಿಗೆ ಕರೆದುಕೊಂಡು ಹೋದೆ. ಸುಬ್ರಹ್ಮಣ್ಯ ಭಾರತಿಯವರು ಕೊನೆಯ ದಿನಗಳಲ್ಲಿ ಇದ್ದ ಮನೆ ಪಾರ್ಥಸಾರಥಿ ದೇವಸ್ಥಾನದ ಹತ್ತಿರವೇ ಇದೆ, ಈಗ ಅದು ಸ್ಮಾರಕ. ಮುಂಡಾಸು, ಮೀಸೆ, ಕರಿಕೋಟಿನ ಆ ಚಿತ್ರ ನಿಮಗೂ ಗೊತ್ತಿರುತ್ತದೆ. 1882ರಲ್ಲಿ ಹುಟ್ಟಿ 1921ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು ಎಂದು ಓದಿದ ಮಗಳು ಬೆರಳೆಣಿಸಿ, "ಮೂವತ್ತೆಂಟು. ಅಪ್ಪಾ, ನಿನ್ನ ವಯಸ್ಸೇ!" ಅಂದಳು. ಎದೆ ಒಂದು ಕ್ಷಣ ಝಲ್ ಅಂದದ್ದು ನಿಜ.

ಈ ವಿಷಯ ಕೇಳಿದ ಪಕ್ಕದ ಫ್ಲ್ಯಾಟಿನ ಮಾಮಿ, ಹಾಡುಗಳನ್ನು ಎಲ್ಲರೂ ಹಾಡುತ್ತಾರೆ, ನೀವು ಅವರ ಕಾಗದಗಳನ್ನು ಓದಿ ಎಂದು ರಾ.ಅ. ಪದ್ಮನಾಭನ್ ಸಂಗ್ರಹಿಸಿದ ಭಾರತಿಯವರ ಪತ್ರಗಳ ಪುಸ್ತಕ ಕೊಟ್ಟರು. ನಾನು ಅಕ್ಷರ ಕೂಡಿಸಿ ಓದುವುದು, ಅವರು ತಿದ್ದುವುದು. ಒಂದು ತಿಂಗಳು ಹೀಗೇ ನಡೆಯಿತು. ಪತ್ರಗಳು ತುಂಬಾ ಇಲ್ಲ. ಓದಿಗೆ ನೆರವು ಕೇಳಿ 1897ರಲ್ಲಿ ಎಟ್ಟಯಪುರದ ಜಮೀನ್ದಾರರಿಗೆ ಹದಿನಾಲ್ಕರ ಹುಡುಗ ಪದ್ಯದಲ್ಲೇ ಬರೆದ ಅರ್ಜಿ ಇದೆ. ಕಾಶಿಯಿಂದ ಪುಟ್ಟ ಹೆಂಡತಿ ಚೆಲ್ಲಮ್ಮನಿಗೆ ಬರೆದದ್ದಿದೆ. ನನ್ನ ಬಗ್ಗೆ ಚಿಂತಿಸುವ ಹೊತ್ತಿನಲ್ಲಿ ತಮಿಳು ಓದಿಕೋ ಅನ್ನುತ್ತಾರೆ ಅದರಲ್ಲಿ. (ನನ್ನ ಹೆಂಡತಿಗೆ ಇದನ್ನು ಹೇಳಿದಾಗ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.)

ನನ್ನನ್ನು ಹಿಡಿದು ನಿಲ್ಲಿಸಿದ್ದು 1918ರ ಆಗಸ್ಟಿನಲ್ಲಿ ಪುದುಚೇರಿಯಿಂದ ತಮ್ಮ ವಿಶ್ವನಾಥನಿಗೆ ಬರೆದ ಕಾಗದ. ವಿಶ್ವನಾಥ ಮಲತಾಯಿಯ ಮಗ. ಅವನು ಅಣ್ಣನಿಗೆ ಇಂಗ್ಲಿಷಿನಲ್ಲಿ ಬರೆದಿದ್ದ. ಅದಕ್ಕೆ ಅಣ್ಣ, ಇನ್ನು ಮೇಲೆ ಇಂಗ್ಲಿಷಿನಲ್ಲಿ ಬರೆಯಬೇಡ, ನಿನ್ನ ತಮಿಳು ಎಷ್ಟು ಒರಟಾಗಿದ್ದರೂ ನಾನು ಆಸೆಯಿಂದ ಓದುತ್ತೇನೆ, ಅದೂ ಆಗದಿದ್ದರೆ ಸಂಸ್ಕೃತದಲ್ಲಾದರೂ ಬರೆ ಎನ್ನುತ್ತಾರೆ. ಭಾರತಿಯವರಿಗೆ ಇಂಗ್ಲಿಷ್ ಬಾರದೆ ಅಲ್ಲ. 1904ರಲ್ಲಿ ಸ್ವದೇಶಮಿತ್ರನ್ ಪತ್ರಿಕೆಗೆ ಸೇರಿದಾಗ ಇಂಗ್ಲಿಷಿನಿಂದ ತಮಿಳಿಗೆ ಸುದ್ದಿ ತರುವುದೇ ಕೆಲಸವಾಗಿತ್ತು. ಹಿಂದೂ ಪತ್ರಿಕೆಗೆ ಅವರು ಬರೆದ ಇಂಗ್ಲಿಷ್ ಪತ್ರಗಳು ಬೇಕಾದಷ್ಟಿವೆ. ಲೋಕಕ್ಕೆ ಇಂಗ್ಲಿಷ್ ಆದೀತು, ತಮ್ಮನಿಂದ ಬೇಡ, ಅಷ್ಟೇ.

ಮಾಮಿ ಮುಂದಿನ ಪುಟ ತಿರುವಿದರು. ನಾನು ಅಲ್ಲೇ ಉಳಿದೆ. ಕಾರಣ ಹೇಳುತ್ತೇನೆ.

ನಮ್ಮದು ಪಾಂಡವಪುರದ ಕಡೆ ಒಂದು ಹಳ್ಳಿ. ಮೂರು ವರ್ಷದ ಹಿಂದೆ ಅಪ್ಪ ಹೋದರು. ಅದಾದ ಮೇಲೆ ತೆಂಗಿನ ತೋಟದ ಭಾಗದ ವಿಷಯದಲ್ಲಿ ನನಗೂ ಬೆಂಗಳೂರಿನಲ್ಲಿರುವ ತಮ್ಮನಿಗೂ ಮಾತು ಕೆಟ್ಟಿತು. ಜಗಳವಾಡಿದ್ದರೆ ಚೆನ್ನಾಗಿತ್ತು. ನಾವು ವಿದ್ಯಾವಂತರು, ವಾಟ್ಸಾಪಿನಲ್ಲಿ ಇಂಗ್ಲಿಷಿಗೆ ಇಳಿದೆವು. 'ಪ್ಲೀಸ್ ಶೇರ್ ದ ಸರ್ವೆ ಸ್ಕೆಚ್.' 'ನೋಟೆಡ್.' 'ವಿಲ್ ರಿವರ್ಟ್.' ಪಹಣಿ, ಪೋಡಿಗಳನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡೆವು. ಕನ್ನಡದಲ್ಲಿ ಬರೆದರೆ ಅವನು 'ಅಣ್ಣ' ಅನ್ನಬೇಕಾಗುತ್ತದೆ, ನಾನು 'ಏನೋ, ಊಟ ಆಯ್ತೇನೋ' ಅನ್ನಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇಬ್ಬರೂ ಬರೀ 'ಯೂ'. ಆ ಅನುಕೂಲ ಇಬ್ಬರಿಗೂ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅದೇ ವರ್ಷದ ಇನ್ನೊಂದು ಕಾಗದವನ್ನು ಓದುವಾಗ ಮಾಮಿಯ ದನಿ ಸಣ್ಣಗಾಯಿತು. ಹತ್ತು ವರ್ಷ ಫ್ರೆಂಚರ ಪುದುಚೇರಿಯಲ್ಲಿ ತಲೆಮರೆಸಿಕೊಂಡಿದ್ದ ಭಾರತಿಯವರು ನವೆಂಬರಿನಲ್ಲಿ ಗಡಿ ದಾಟುತ್ತಲೇ ಸೆರೆಸಿಕ್ಕರು. ಕಡಲೂರಿನ ಜೈಲಿನಿಂದ ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್‌ಗೆ ಬರೆದರು, ಇಂಗ್ಲಿಷಿನಲ್ಲಿ. ರಾಜಕೀಯವನ್ನು ಪೂರ್ತಿ ಬಿಟ್ಟಿದ್ದೇನೆ, ಸರ್ಕಾರಕ್ಕೆ ನಿಷ್ಠನಾಗಿರುತ್ತೇನೆ ಎಂಬ ಮಾತುಗಳಿವೆ ಅದರಲ್ಲಿ. ಡಿಸೆಂಬರಿನಲ್ಲಿ ಷರತ್ತಿನ ಮೇಲೆ ಬಿಟ್ಟರು. ಇದನ್ನು ಹಿಡಿದು ಅವರನ್ನು ಹಳಿಯುವವರಿದ್ದಾರೆ. ನನಗೆ ಬಾಯಿ ಬರಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದಾಗ, ನನ್ನದಲ್ಲದ ತಪ್ಪನ್ನು ಒಪ್ಪಿಕೊಂಡು ಮೇಲಿನವರಿಗೆ ಒಂದು ಮೇಲ್ ಕಳಿಸಿದ್ದೆ. ಅಷ್ಟು ಸೊಗಸಾದ ಇಂಗ್ಲಿಷನ್ನು ನಾನು ಹಿಂದೆಂದೂ ಬರೆದಿರಲಿಲ್ಲ. ಹೋಮ್ ಲೋನಿನ ಕಂತು ಆ ಮೇಲ್‌ನಿಂದಲೇ ಇವತ್ತಿಗೂ ಹೋಗುತ್ತಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ, ಇದನ್ನು ಓದಿದಾಗಲೇ ಅವಳಿಗೆ ಗೊತ್ತಾಗುವುದು.

ನಡುವೆ ನಮ್ಮ ಸೀಮೆಯ ಮಾತೊಂದು. ಭಾರತಿ ಬರೆಯುತ್ತಿದ್ದ 'ಇಂಡಿಯಾ' ವಾರಪತ್ರಿಕೆಯ ಹಿಂದೆ ನಿಂತವರು ಮಂಡಯಂ ಅಯ್ಯಂಗಾರರು. ಮಂಡಯಂ ಎಂದರೆ ನಮ್ಮ ಮಂಡ್ಯ. ಆ ಮನೆತನದ ಶ್ರೀನಿವಾಸಾಚಾರಿಯವರ ಮಗಳು ಪುದುಚೇರಿಯಲ್ಲಿ ಬಾಲ್ಯದಲ್ಲಿ ಕಂಡ ಭಾರತಿಯವರ ಬಗ್ಗೆ ಒಂದು ನೆನಪಿನ ಪುಸ್ತಕ ಬರೆದಿದ್ದಾರೆ. ಅವರ ಹೆಸರು ಯದುಗಿರಿ ಅಮ್ಮಾಳ್. ಯದುಗಿರಿ ಅಂದರೆ ಮೇಲುಕೋಟೆ, ನಮ್ಮೂರಿನ ಮಾಳಿಗೆ ಹತ್ತಿದರೆ ಕಾಣುವ ಬೆಟ್ಟ! ಮಾಮಿಗೆ ಇದನ್ನು ಹೇಳಿ ಒಂದು ಲೋಟ ಹೆಚ್ಚಿಗೆ ಕಾಫಿ ಗಿಟ್ಟಿಸಿದೆ.

1920ರಲ್ಲಿ ಅವರು ಸ್ನೇಹಿತರಿಗೆಲ್ಲ ಕಳಿಸಿದ ಸುತ್ತೋಲೆಯೂ ಪುಸ್ತಕದಲ್ಲಿದೆ. ತನ್ನ ಬರಹಗಳನ್ನು 40 ಪುಸ್ತಕ ಮಾಡಿ, ಒಂದೊಂದನ್ನೂ 10,000 ಪ್ರತಿ ಅಚ್ಚು ಹಾಕಿಸುತ್ತೇನೆ, ಸೀಮೆಎಣ್ಣೆ, ಬೆಂಕಿಪೊಟ್ಟಣಕ್ಕಿಂತ ಬೇಗ ಖರ್ಚಾಗುತ್ತವೆ, ಸಾಲ ಕೊಡಿ ಎಂದು. ಆ ಯೋಜನೆ ನಡೆಯಲಿಲ್ಲ. ಮರುವರ್ಷ ಅವರೇ ಇಲ್ಲ. ಆಮೇಲೆ ಪುಸ್ತಕಗಳನ್ನು ಹೊರತಂದ ಭಾರತಿ ಪ್ರಚುರಾಲಯದಲ್ಲಿ ದುಡಿದವರು ಯಾರು ಗೊತ್ತೇ? ಇಂಗ್ಲಿಷಿನಲ್ಲಿ ಕಾಗದ ಬರೆದು ಬೈಸಿಕೊಂಡಿದ್ದ ಅದೇ ತಮ್ಮ. 1949ರಲ್ಲಿ ಮದ್ರಾಸ್ ಸರ್ಕಾರ ಹಕ್ಕು ಪಡೆಯುವವರೆಗೂ ಅವು ಅವರ ಕೈಯಲ್ಲಿದ್ದವು.

ಸಂಕ್ರಾಂತಿಯ ಮಾರನೆ ದಿನ ಪೋಸ್ಟ್ ಆಫೀಸಿಗೆ ಹೋಗಿ ಒಂದು ಇನ್‌ಲ್ಯಾಂಡ್ ಲೆಟರ್ ತಂದೆ. 'ಪ್ರೀತಿಯ ತಮ್ಮನಿಗೆ' ಎಂದು ಬರೆದ ಮೇಲೆ ಅರ್ಧ ಗಂಟೆ ಏನೂ ಹೊಳೆಯಲಿಲ್ಲ. ಒತ್ತಕ್ಷರಗಳು ಕೈಗೆ ಮರೆತುಹೋಗಿದ್ದವು. ತೋಟದ ಸುದ್ದಿ ಎತ್ತಲಿಲ್ಲ. ಅಪ್ಪನ ಸೈಕಲ್ಲಿನಲ್ಲಿ ಯಾರು ಮುಂದೆ ಕೂರಬೇಕೆಂದು ಇಬ್ಬರೂ ಕಿತ್ತಾಡುತ್ತಿದ್ದದ್ದನ್ನು ಬರೆದೆ. ಕೊನೆಗೆ, ಇನ್ನು ಮೇಲೆ ಇಂಗ್ಲಿಷ್ ಬೇಡ ಕಣೋ, ತಪ್ಪಾದರೂ ಪರವಾಗಿಲ್ಲ ಎಂದು ಸೇರಿಸಿದೆ. ಭಾರತಿಯವರಿಂದ ಕದ್ದದ್ದು ಎಂದು ಹೇಳಲಿಲ್ಲ.

ಒಂಬತ್ತು ದಿನ ಸುದ್ದಿಯಿಲ್ಲ. ಹತ್ತನೆಯ ದಿನ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಯಾವುದೋ ಬಿಲ್ಲಿನ ಹಿಂಬದಿಯಲ್ಲಿ ಬಾಲ್‌ಪೆನ್ನಿನ ಸೊಟ್ಟ ಅಕ್ಷರ. 'ಅಣ್ಣ, ನಗಬೇಡ. ಕನ್ನಡ ಬರೆದು ಇಪ್ಪತ್ತು ವರ್ಷ ಆಯ್ತು. ಮುಂದೆ ಕೂರ್ತಿದ್ದಿದ್ದು ಯಾವಾಗ್ಲೂ ನೀನೇ. ಕೆರೆ ಕಡೆಯ ಸಾಲು ನಾನು ಬಿಡಲ್ಲ, ಅದು ಬೇರೆ ಮಾತು. ಅಮ್ಮನ ಕಣ್ಣಿನ ಆಪರೇಷನ್ ಬರೋ ಶನಿವಾರ. ಬರ್ತೀಯಾ?'

ಶುಕ್ರವಾರ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ಸಿಗೆ ಮಂಡ್ಯದವರೆಗೆ ಟಿಕೆಟ್ ಮಾಡಿಸಿದ್ದೇನೆ. ಸದ್ಯಕ್ಕೆ ವೇಟಿಂಗ್ ಲಿಸ್ಟ್ 14.