ಏಳನೆಯ ನಂಬರಿನ ಮಹಿಮೆ

ಗಾಲ್ಫ್ ಆಟಗಾರನ ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳು ಇರಕೂಡದೆಂಬುದು ಅಮೆರಿಕದಲ್ಲಿ 1938ರಿಂದ ನಡೆದುಬಂದ ನಿಯಮ. ಚೀಲಕ್ಕೆ ಮಿತಿ ಹಾಕಿದವರು ಅಂಗಡಿಗೆ ಮಿತಿ ಹಾಕಲಿಲ್ಲ. ಅಲ್ಲಿನ ದೊಡ್ಡ ಅಂಗಡಿಯೊಂದನ್ನು ಹೊಕ್ಕ ಗಿರಾಕಿಗೆ ಗೋಡೆ ತುಂಬ ಕೋಲುಗಳೇ. ಕಂಪೆನಿ ಒಂದೇ, ಮೇಲೆ ಕೊರೆದ ನಂಬರೂ ಒಂದೇ. ಹೆಸರು ಮಾತ್ರ ಬೇರೆ ಬೇರೆ. ತನಗೆ ಯಾವುದು ಸರಿ ಎಂದು ತಿಳಿಯದೆ ಆತ ಕಕ್ಕಾಬಿಕ್ಕಿಯಾಗುತ್ತಾನೆ.

ಹೆಸರಿನ ಈ ಆಟ ಹೊಸದೇನಲ್ಲ. 1991ರಲ್ಲಿ ಕ್ಯಾಲವೇ ಕಂಪೆನಿ ದಪ್ಪ ತಲೆಯ ಡ್ರೈವರ್ ಒಂದನ್ನು ತಂದು, ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರನ್ನೇ ಇಟ್ಟಿತು: ‘ಬಿಗ್ ಬರ್ತಾ’. 1995ರಲ್ಲಿ ‘ಗ್ರೇಟ್ ಬಿಗ್ ಬರ್ತಾ’ ಬಂತು, 1997ರಲ್ಲಿ ‘ಬಿಗ್ಗೆಸ್ಟ್ ಬಿಗ್ ಬರ್ತಾ’. ದೊಡ್ಡದು, ಭಾರಿ ದೊಡ್ಡದು, ಎಲ್ಲಕ್ಕೂ ದೊಡ್ಡದು! ಡ್ರೈವರಿನ ತಲೆ 460 ಘನ ಸೆಂಟಿಮೀಟರ್ ಮೀರಬಾರದೆಂದು 2004ರಲ್ಲಿ ನಿಯಮವಾಯಿತು. ತಲೆ ಅಲ್ಲಿಗೆ ನಿಂತಿತು. ಹೆಸರುಗಳು ಬೆಳೆಯುತ್ತಲೇ ಇವೆ.

ಡ್ರೈವರಿನ ಹೆಸರಾದರೂ ಕಣ್ಣಿಗೆ ಕಾಣುವಂಥದು. ‘ಐರನ್’ ಎಂಬ ಕೋಲುಗಳದು ಇನ್ನೂ ಸೂಕ್ಷ್ಮ. ಇವುಗಳ ನಂಬರು ಹೆಚ್ಚಿದಂತೆ ಮುಖದ ಓರೆ ಹೆಚ್ಚುತ್ತದೆ. ಚೆಂಡು ಎತ್ತರಕ್ಕೆ ಏರಿ ಹತ್ತಿರ ಬೀಳುತ್ತದೆ. ಓರೆ ಕಡಿಮೆಯಾದರೆ ದೂರ ಹೋಗುತ್ತದೆ. ಆದರೆ ಯಾವ ನಂಬರಿಗೆ ಎಷ್ಟು ಡಿಗ್ರಿ ಎಂಬುದಕ್ಕೆ ಕಟ್ಟುಪಾಡಿಲ್ಲ. ಟೈಟ್ಲಿಸ್ಟ್ ಕಂಪೆನಿ 2023ರಲ್ಲಿ ತಂದ ಟಿ100 ಮಾದರಿಯ ಏಳನೆಯ ನಂಬರಿಗೆ 34 ಡಿಗ್ರಿ, ಟಿ350ರ ಏಳನೆಯ ನಂಬರಿಗೆ 29 ಡಿಗ್ರಿ. ಎರಡರ ಮೇಲೂ ಇರುವುದು ‘7’ ಎಂಬ ಅಂಕಿಯೇ.

ಇದು ಬರಿಯ ಮೋಸವೆನ್ನುವಂತಿಲ್ಲ. ಹೊಸ ಕೋಲುಗಳ ಗುರುತ್ವ ಕೇಂದ್ರ ಕೆಳಗಿರುವುದರಿಂದ ಚೆಂಡು ತಾನಾಗಿಯೇ ಮೇಲೇಳುತ್ತದೆ. ಓರೆ ತಗ್ಗಿಸದಿದ್ದರೆ ಅತಿಯಾಗಿ ಏರೀತು. ಆದರೂ ಅರವತ್ತು ದಾಟಿದ ಆಟಗಾರನೊಬ್ಬನನ್ನು ನೆನೆಯಿರಿ. ತೋಳಿನ ಕಸುವು ಇಳಿದಿದೆ, ಚೆಂಡು ಮೊದಲಿನಷ್ಟು ದೂರ ಹೋಗುತ್ತಿಲ್ಲ. ಅಂಗಡಿಯಲ್ಲಿ ಹೊಸ ಏಳನೆಯ ನಂಬರು ಹಿಡಿದು ಹೊಡೆದಾಗ ಚೆಂಡು ಯೌವನದ ಗುರುತನ್ನು ಮುಟ್ಟುತ್ತದೆ. ಪಾಪ, ಹಿಗ್ಗಿ ಹೋಗುತ್ತಾನೆ. ಮರಳಿ ಬಂದದ್ದು ತನ್ನ ಕಸುವೆಂದೇ ಅವನ ಎಣಿಕೆ. ಆ ಕಸುವಿನಲ್ಲಿ ಒಂದು ಪಾಲು ಡಿಗ್ರಿಯದು ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಲೆಕ್ಕ ತಪ್ಪುವುದು ಮುಂದೆ, ಮೈದಾನದಲ್ಲಿ. ಇತರ ಐರನ್‌ಗಳ ಜೊತೆಗೆ ‘ಪಿಚಿಂಗ್ ವೆಜ್’ ಕೋಲಿನ ಓರೆಯೂ ತಗ್ಗಿದೆ. ಮರಳಿನಿಂದ ಚೆಂಡೆತ್ತುವ ‘ಸ್ಯಾಂಡ್ ವೆಜ್’ ಇದ್ದಲ್ಲೇ ಇದೆ. ನಡುವೆ ಕಂದಕ. ಅದನ್ನು ತುಂಬಲು ಇನ್ನೊಂದು ಕೋಲು ಬೇಕು. ಅದರ ಮೇಲೆ ಒಂದು ಕಂಪೆನಿ ‘ಎ’ ಎಂದು ಕೊರೆದರೆ ಇನ್ನೊಂದು ‘ಜಿ’, ಮತ್ತೊಂದು ‘ಯು’! ಅದೂ ಹದಿನಾಲ್ಕರೊಳಗೇ ಹಿಡಿಯಬೇಕು. ಮೊದಲೇ ಚೀಲ ತುಂಬಿದವನು ಯಾವುದನ್ನು ಮನೆಯಲ್ಲಿ ಬಿಡಬೇಕು?

ಕಂಪೆನಿಗಳು ಡಿಗ್ರಿಯನ್ನು ಮುಚ್ಚಿಡುವುದೇನೂ ಇಲ್ಲ. ತಮ್ಮ ಪಟ್ಟಿಗಳಲ್ಲಿ ಅಚ್ಚು ಹಾಕುತ್ತವೆ. ಕೇಳುವವರು ಕಡಿಮೆ, ಅಷ್ಟೆ. ಗಿರಾಕಿ ತನ್ನ ಹಳೆಯ ಕೋಲನ್ನು ಅಂಗಡಿಗೆ ಒಯ್ದು, ಎರಡರ ಡಿಗ್ರಿಯನ್ನೂ ಕೇಳಿ, ಸಮಾನ ಓರೆಯ ಹೊಸ ಕೋಲಿನೊಡನೆ ಹೋಲಿಸಿ ಹೊಡೆದು ನೋಡಲಿ. ಆಮೇಲೂ ಹೊಸದೇ ಹಿಡಿಸಿದರೆ ಸಂತೋಷವಾಗಿ ಕೊಳ್ಳಲಿ. ಆಗ ಅವನು ಹಣ ತೆರುವುದು ಕೋಲಿಗೆ, ಅಂಕಿಗಲ್ಲ.